ಹೇಳಿ ಮಾಡಿಸಿದ ಬುಟ್ಟಿ

ಜೋಳದ ರೊಟ್ಟಿಗೂ ಬಿದಿರಿನ ಬುಟ್ಟಿಗೂ ಇರುವ ನಂಟನ್ನು ಧಾರವಾಡದ ಸೀಮೆಯ ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಉಕ್ಕಿನ ಡಬ್ಬಿಯಲ್ಲಿಟ್ಟು ಮುಚ್ಚಿದರೆ ಅದರ ಉಗಿಯೇ ಅದಕ್ಕೆ ಶತ್ರುವಾಗುತ್ತದೆ. ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ, ಮತ್ತೆ ಕೆಳಗಿಳಿದು, ರೊಟ್ಟಿಯನ್ನು ಮೆತ್ತಗೆ ಮಾಡಿ, ಬೂಷ್ಟಿಗೆ ದಾರಿ ಮಾಡಿಕೊಡುತ್ತದೆ. ಅದೇ ರೊಟ್ಟಿ ಬಿದಿರಿನ ಬುಟ್ಟಿಯಲ್ಲಿ, ಒಂದು ತೆಳು ಅರಿವೆಯ ಮರೆಯಲ್ಲಿ ಕುಳಿತರೆ, ಉಗಿಯು ಎಳೆಗಳ ಸಂದಿನಿಂದ ತಾನಾಗಿ ಹೊರಟುಹೋಗುತ್ತದೆ. ಕಟಕ ರೊಟ್ಟಿಯಾದರಂತೂ ದಿನಗಟ್ಟಲೆ ಗರಿಗರಿಯಾಗಿಯೇ ಉಳಿಯುತ್ತದೆ. ಉಸಿರಾಡುವ ಪಾತ್ರೆ ಎಂಬುದೊಂದು ಇದ್ದರೆ ಅದು ಇದೇ.

ರೊಟ್ಟಿಯ ಬುಟ್ಟಿಯೊಂದೇ ಅಲ್ಲ. ಕಾಳು ಕೇರುವ ಮೊರ (ಈ ಸೀಮೆಯ ಆಡುಮಾತಿನಲ್ಲಿ ಅದು ‘ಮರ’), ಹೊಲಕ್ಕೆ ಬುತ್ತಿ ಒಯ್ಯುವ ಬುಟ್ಟಿ, ಗೊಬ್ಬರ ಹೊರುವ ಹೆಡಗಿ, ಮರೆಗೆ ಕಟ್ಟುವ ತಟ್ಟಿ, ಬೇಸಿಗೆಯ ಬೀಸಣಿಕೆ, ಗೋಡೆಗೆ ಒರಗಿಸುವ ನಿಚ್ಚಣಿಕೆ, ಇವೆಲ್ಲ ಒಂದೇ ಗಿಡದ ಮಕ್ಕಳು. ಎಳೆಯ ಕೂಸನ್ನು ಮೊರದಲ್ಲಿ ಮಲಗಿಸುವ ವಾಡಿಕೆ ಹಲವು ಮನೆಗಳಲ್ಲಿತ್ತು. ಮದುವೆಯ ಮನೆಗೆ ಬೇಕಾದ ಬುಟ್ಟಿಗಳನ್ನು ಹೆಣೆದ ಕೈಯೇ ಕೊನೆಯ ಪಯಣದ ಚಟ್ಟಕ್ಕೂ ಬಿದಿರು ಸೀಳಿಕೊಡುತ್ತಿತ್ತು. ಬದುಕಿನ ಎರಡು ತುದಿಗಳಲ್ಲಿಯೂ ನಿಂತಿರುವ ಈ ಕಸಬಿನವರನ್ನು ನಮ್ಮ ನಾಡು ಮೇದಾರರೆಂದು ಕರೆಯಿತು. ಧಾರವಾಡವು 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಮರಾಠಿಯ ‘ಬುರುಡ’ ಎಂಬ ಹೆಸರೂ ಇಲ್ಲಿಯ ಕಿವಿಗೆ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಇಂದಿಗೂ ಮೇದಾರ ಓಣಿ ಎಂಬ ಹೆಸರು ಉಳಿದಿದೆ.

ಆದರೆ ಬುಟ್ಟಿಯು ಮನೆಗೆ ಬರುವ ಬಗೆ ಬದಲಾಗಿದೆ. ಹಿಂದೆ ಸುಗ್ಗಿಗೆ ಮುನ್ನ ಮೇದಾರನೇ ಹಳ್ಳಿಹಳ್ಳಿಗೆ ಬಂದು, ಯಾರ ಮನೆಯ ಹೆಡಗಿ ಹರಿದಿದೆ, ಯಾರ ಮನೆಯ ಮೊರದ ಅಂಚು ಬಿಚ್ಚಿದೆ ಎಂಬುದನ್ನು ಕಣ್ಣಳತೆಯಲ್ಲೇ ಅರಿತು ಕೆಲಸ ಮಾಡಿಕೊಟ್ಟು ಹೋಗುತ್ತಿದ್ದ. ಕೂಲಿಯು ಹಣಕ್ಕಿಂತ ಹೆಚ್ಚಾಗಿ ಕಾಳಿನಲ್ಲಿ ಸಲ್ಲುತ್ತಿತ್ತು. ಕಳೆದ ನಾಲ್ಕೈದು ದಶಕಗಳಲ್ಲಿ ಪ್ಲಾಸ್ಟಿಕ್ಕಿನ ಬುಟ್ಟಿ, ನೈಲಾನಿನ ಚೀಲ, ಕಾಳು ತೂರುವ ಯಂತ್ರ ಇವು ಬಂದ ಮೇಲೆ ಆ ಗಿರಾಕಿಗಳು ವಿರಳವಾದರು. ಅವರ ಸ್ಥಾನದಲ್ಲಿ ಈಗ ಮತ್ತೊಂದು ಬಗೆಯ ಗಿರಾಕಿಗಳು ಬರುತ್ತಿದ್ದಾರೆ: ಪಟ್ಟಣದ ಸಂಸಾರಗಳು. ಪ್ಲಾಸ್ಟಿಕ್ಕಿನಿಂದ ಬೇಸತ್ತವರು, ಅಜ್ಜಿಯ ಮನೆಯ ರೊಟ್ಟಿಯ ಬುಟ್ಟಿಯನ್ನು ನೆನೆಯುವವರು, ಮಗಳ ಮದುವೆಯಲ್ಲಿ ಎಲೆಯಡಿಕೆಯನ್ನು ಬಿದಿರಿನ ಪುಟ್ಟ ಬುಟ್ಟಿಯಲ್ಲಿಟ್ಟು ಕೊಡಬೇಕೆನ್ನುವವರು. ಇವರು ಸಂತೆಯಲ್ಲಿ ಕಂಡುದನ್ನು ಕೊಳ್ಳುವುದಿಲ್ಲ, ಹೇಳಿ ಮಾಡಿಸುತ್ತಾರೆ. ಆದುದರಿಂದ ಹೇಳುವ ಬಗೆಯನ್ನೂ ಮಾಡುವ ಬಗೆಯನ್ನೂ ತುಸು ತಿಳಿದಿರುವುದು ಅವರಿಗೂ ಒಳ್ಳೆಯದು, ಮೇದಾರನಿಗೂ ಒಳ್ಳೆಯದು.

ಮೊದಲು ಊರುಗಳ ಮಾತು. ಧಾರವಾಡ ಜಿಲ್ಲೆಯ ನಕ್ಷೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಓದಿದರೆ ಬಿದಿರಿನ ಕಥೆ ಅರ್ಧ ತಿಳಿದಂತಾಗುತ್ತದೆ. ಪೂರ್ವದಲ್ಲಿ ನವಲಗುಂದ, ಅಣ್ಣಿಗೇರಿ: ಕಣ್ಣು ಹಾಯುವವರೆಗೂ ಎರೆಭೂಮಿ, ಜೋಳ, ಕಡಲೆ, ಹತ್ತಿಯ ನಾಡು. ದಕ್ಷಿಣಕ್ಕೆ ಕುಂದಗೋಳ: ಮೆಣಸಿನಕಾಯಿ, ಹತ್ತಿಗಳ ತಾಲ್ಲೂಕು. ಈ ಬಯಲಿನಲ್ಲಿ ಬಿದಿರಿನ ಮೆಳೆ ಅಪರೂಪ, ಆದರೆ ಬಿದಿರಿನ ಬುಟ್ಟಿಗೆ ಬೇಡಿಕೆ ಅಪಾರ. ಬಿಡಿಸಿದ ಮೆಣಸಿನಕಾಯಿಗೆ ಬುಟ್ಟಿ ಬೇಕು, ಹತ್ತಿಗೆ ಬುಟ್ಟಿ ಬೇಕು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೊರಟಾಗ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳನ್ನು ತುಂಬಿಕೊಂಡು ತಲೆಯ ಮೇಲೆ ಕುಳಿತುಕೊಳ್ಳುವುದಕ್ಕೂ ಬುಟ್ಟಿಯೇ ಬೇಕು. ಪಶ್ಚಿಮದಲ್ಲಿ ಕಲಘಟಗಿ: ಅಲ್ಲಿ ಮಣ್ಣು ಕೆಂಪಾಗುತ್ತದೆ, ಮಳೆ ಹೆಚ್ಚುತ್ತದೆ, ಭತ್ತದ ಗದ್ದೆಗಳು ಕಾಣಿಸಿಕೊಳ್ಳುತ್ತವೆ, ಅದರಾಚೆಗೆ ಹಳಿಯಾಳ, ಯಲ್ಲಾಪುರಗಳ ಕಾಡು ತೆರೆದುಕೊಳ್ಳುತ್ತದೆ. ಬಿದಿರು ಬೆಳೆಯುವುದು ಪಶ್ಚಿಮದಲ್ಲಿ. ಬುಟ್ಟಿ ಸವೆಯುವುದು ಪೂರ್ವದಲ್ಲಿ. ನಡುವೆ ನಿಂತು ಎರಡನ್ನೂ ಹೆಣೆದವನು ಮೇದಾರ.

ಧಾನ್ಯ ಕೂಡಿಡುವ ಬಗೆಯಲ್ಲಿಯೂ ಇದೇ ಭೇದ. ಒಣ ಬಯಲಿನ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಹುಗಿದಿಡುತ್ತಿದ್ದರು. ಮಳೆಯ ಸೆರಗಿನಲ್ಲಿ ನೆಲದ ತೇವ ಅದಕ್ಕೆ ಬಿಡದು. ಅಲ್ಲಿ ಭತ್ತವನ್ನು ಕಾಯುವುದು ಸಗಣಿ ಮೆತ್ತಿದ ಬಿದಿರಿನ ಕಣಜ. ಮಣ್ಣು ಎಂತಹುದೋ ಪಾತ್ರೆ ಅಂತಹುದು.

ಈ ಜಿಲ್ಲೆಯ ಇತರ ಕೈಗಸಬುಗಳು ಊರಿನ ಹೆಸರು ಹೊತ್ತು ದೂರ ಹೋಗಿವೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಇದೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ತೂಗದ ಸಿರಿವಂತರ ಮನೆ ಈ ಭಾಗದಲ್ಲಿ ಇರಲಿಲ್ಲವೆಂಬ ಮಾತೇ ಇದೆ. ಬುಟ್ಟಿಗೆ ಮಾತ್ರ ಊರಿನ ಹೆಸರಿಲ್ಲ, ಹೆಣೆದವನ ಹೆಸರೂ ಇಲ್ಲ. ಅದು ದಿನಬಳಕೆಯ ವಸ್ತು. ದಿನಬಳಕೆಯ ವಸ್ತುವಿಗೆ ಕೀರ್ತಿ ಬರುವುದು ಕಡಿಮೆ. ಎಲ್ಲ ನಾಡುಗಳಲ್ಲಿಯೂ ಹೀಗೆಯೇ ಎನ್ನುವಂತಿಲ್ಲ. 1967ರಲ್ಲಿ ಜಪಾನ್ ಸರ್ಕಾರವು ಬೆಪ್ಪು ಪಟ್ಟಣದ ಬುಟ್ಟಿಗಾರ ಶೋನೋ ಶೋಉನ್‌ಸಾಯ್ ಅವರನ್ನು ಅಲ್ಲಿಯ ಜನ ‘ಜೀವಂತ ರಾಷ್ಟ್ರನಿಧಿ’ ಎಂದು ಕರೆಯುವ ಗೌರವಕ್ಕೆ ಆರಿಸಿತು. ಬಿದಿರಿನ ಕಸಬಿಗೆ ಆ ದೇಶ ಕೊಟ್ಟ ಅಂತಹ ಮೊದಲ ಮನ್ನಣೆ ಅದು.

ಇರಲಿ, ಪಟ್ಟಣದ ಗಿರಾಕಿಯ ವಿಷಯಕ್ಕೆ ಬರೋಣ. ಅವರು ಸಾಮಾನ್ಯವಾಗಿ ಕೈಯಲ್ಲೊಂದು ಚಿತ್ರ ಹಿಡಿದು ಹೋಗುತ್ತಾರೆ. “ಇದೇ ರೀತಿ, ಹತ್ತು ಅಂಗುಲ ಅಗಲ, ಆರು ಅಂಗುಲ ಎತ್ತರ, ಐವತ್ತು ಬುಟ್ಟಿ, ಬರುವ ಗುರುವಾರಕ್ಕೆ” ಎನ್ನುತ್ತಾರೆ. ಮೇದಾರನಿಗೆ ಅಂಗುಲದ ಲೆಕ್ಕ ತಿಳಿಯದೆಂದಲ್ಲ. ಆದರೆ ಅವನ ಲೆಕ್ಕ ಬೇರೆಡೆಯಿಂದ ಹೊರಡುತ್ತದೆ. ಗೇಣು, ಮೊಳ, ಬೆರಳು ಅವನ ಅಳತೆಗೋಲು. ಅದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ. ಅಂತಹ ಸಂದರ್ಭದ ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

“ಇದರಾಗ ಏನ್ ಇಡಾವ್ರ ಅದೀರಿ, ಅವ್ವಾರ?”

“ಮದವಿಗೆ ಬಂದವರಿಗೆ ಕಾಯಿ, ಎಲಿ ಅಡಿಕಿ ಇಟ್ಟು ಕೊಡೋದೈತಿ, ಕಾಕಾ.”

“ಹಂಗಾದ್ರ ಇಷ್ಟ ಎತ್ತರ ಬ್ಯಾಡ್ರಿ. ತಳ ಅಗಲ ಇರಲಿ. ಕಾಯಿ ಉಳ್ಳಾಡಬಾರದಲ್ರೀ!”

ಈ ಒಂದು ಮಾತಿನಲ್ಲಿ ಇಡೀ ಕಸಬಿನ ತಿಳಿವಳಿಕೆ ಅಡಗಿದೆ. ಚಿತ್ರದಲ್ಲಿರುವ ಬುಟ್ಟಿ ಕಣ್ಣಿಗೆ ಹೆಣೆದದ್ದು. ಮೇದಾರ ಹೆಣೆಯುವುದು ಒಳಗೆ ಕೂಡುವ ವಸ್ತುವಿಗೆ. ಬಿಸಿ ರೊಟ್ಟಿಯ ಬುಟ್ಟಿಗೆ ಸಂದುಗಳು ಬೇಕು. ಸಣ್ಣ ಕಾಳಿನ ಬುಟ್ಟಿಗೆ ಸಂದೇ ಇರಕೂಡದು. ತಲೆಯ ಮೇಲೆ ಹೊರುವ ಬುಟ್ಟಿಯ ತಳ ಸಿಂಬಿಯ ಮೇಲೆ ಕೂಡುವಂತೆ ತುಸು ದುಂಡಾಗಬೇಕು. ಮೇಜಿನ ಮೇಲೆ ಇಡುವುದರ ತಳ ಸಮತಟ್ಟಾಗಬೇಕು. ಉಳ್ಳಾಗಡ್ಡಿ ತುಂಬುವುದಕ್ಕೆ ಗಾಳಿ ಬೇಕು. ಒದ್ದೆ ಬಟ್ಟೆ ತುಂಬುವುದಕ್ಕೆ ಬಿದಿರೇ ಬೇಡ, ಎರಡು ಮಳೆಗಾಲದಲ್ಲಿ ಕರಿದಾಗಿ ಕೊಳೆತುಹೋಗುತ್ತದೆ. ಆದುದರಿಂದ ಹೇಳಿ ಮಾಡಿಸುವವರು ಅಳತೆಗಿಂತ ಮೊದಲು ಉಪಯೋಗವನ್ನು ಹೇಳಬೇಕು. ಮನೆಯಲ್ಲಿ ಹಳೆಯ ಬುಟ್ಟಿಯೊಂದಿದ್ದರೆ, ಅದು ಹರಿದಿದ್ದರೂ ಸರಿ, ಅದನ್ನೇ ಒಯ್ದು ತೋರಿಸಬೇಕು. ನೂರು ಚಿತ್ರ ಹೇಳದ ಸಂಗತಿಯನ್ನು ಒಂದು ಹರಕು ಬುಟ್ಟಿ ಹೇಳುತ್ತದೆ: ಎಲ್ಲಿ ಸವೆಯಿತು, ಎಲ್ಲಿ ಹಿಡಿದು ಎತ್ತಿದರು, ಎಲ್ಲಿ ಭಾರ ಬಿದ್ದಿತು ಎಂಬುದು ಅದರ ಮೈಮೇಲೆಯೇ ಬರೆದಿರುತ್ತದೆ.

ಇನ್ನು “ಬರುವ ಗುರುವಾರ”ದ ಮಾತು. ಬುಟ್ಟಿಯ ಕೆಲಸವೆಂದರೆ ಹೆಣಿಗೆ ಎಂದು ನೋಡುವವರು ತಿಳಿಯುತ್ತಾರೆ. ಕಣ್ಣಿಗೆ ಬೀಳುವ ಹೆಣಿಗೆ ಕೆಲಸದ ಕೊನೆಯ ಭಾಗ ಮಾತ್ರ. ಮೊದಲು ಗಳವನ್ನು ಆರಿಸಬೇಕು. ವರ್ಷ ತುಂಬದ ಬಿದಿರು ಬಾಗುತ್ತದೆ, ಆದರೆ ಒಣಗಿದಾಗ ಕುಗ್ಗಿ ಹೆಣಿಗೆ ಸಡಿಲವಾಗುತ್ತದೆ; ತೀರ ಬಲಿತ ಬಿದಿರು ಗಟ್ಟಿ, ಆದರೆ ಬಾಗಿಸಿದರೆ ಮುರಿಯುತ್ತದೆ. ಎರಡು ವರ್ಷದ ಆಸುಪಾಸಿನದು ಕೈಗೆ ಒಗ್ಗುವುದು. ಗಂಟುಗಳ ನಡುವಿನ ಅಂತರ ಉದ್ದವಿದ್ದಷ್ಟೂ ಎಳೆ ಹಸನು. ಗಳವನ್ನು ಕತ್ತಿಯಿಂದ ದಬ್ಬೆಗಳಾಗಿ ಸೀಳಬೇಕು. ದಬ್ಬೆಯನ್ನು ಮತ್ತೆ ಪದರಪದರವಾಗಿ ಬಿಡಿಸಬೇಕು. ಹೊರಗಿನ ಹಸಿರು ಸಿಪ್ಪೆಯ ಪದರವೇ ಬಲವಾದುದು, ನೀರಿಗೂ ಹುಳುವಿಗೂ ಬೇಗ ಬಗ್ಗದುದು. ಒಳಗಿನ ತಿರುಳಿನ ಪದರ ಮೆದು, ಬೇಗ ಸವೆಯುವಂತಹುದು. ಒಳ್ಳೆಯ ಕೆಲಸಗಾರನು ತಳಕ್ಕೂ ಅಂಚಿಗೂ ಸಿಪ್ಪೆಯ ಎಳೆಯನ್ನೇ ಮೀಸಲಿಡುತ್ತಾನೆ. ಎಳೆಗಳನ್ನು ಹೆರೆದು, ಬೆರಳಿಗೆ ಮುಳ್ಳು ಚುಚ್ಚದಂತೆ ನಯಮಾಡಿ, ನೀರಿನಲ್ಲಿ ನೆನೆಯಿಟ್ಟ ಮೇಲೆಯೇ ತಳ ಹಾಕುವುದು. ಹೆಚ್ಚಿನ ಮನೆಗಳಲ್ಲಿ ಇದು ಒಬ್ಬರ ಕೆಲಸವಲ್ಲ. ಗಂಡಸು ಸೀಳಿದರೆ ಹೆಂಗಸು ಹೆರೆದು ಹೆಣೆಯುತ್ತಾಳೆ, ಅಂಚು ಕಟ್ಟುವುದಕ್ಕೆ ಮತ್ತೆ ಬಲವಾದ ಕೈ ಬೇಕು. ಸಂತೆಗೆ ಹೊತ್ತು ಮಾರುವವಳೂ ಅನೇಕ ಸಲ ಅವಳೇ.

ಕಾಲದ ವಿಷಯವೂ ಇದರೊಡನೆ ಸೇರುತ್ತದೆ. ಮಳೆಗಾಲದಲ್ಲಿ ಮೆಳೆಯೊಳಗೆ ಕಳಲೆ ಎದ್ದಿರುತ್ತದೆ. ಆಗ ಬಿದಿರು ಕಡಿಯುವುದು ಮುಂದಿನ ವರ್ಷದ ಫಸಲನ್ನು ತುಳಿದಂತೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಕಡಿಮೆ ಎಂಬುದು ಹಳಬರ ನಂಬಿಕೆ. ಚಂದ್ರನ ಮಾತು ಹೇಗೇ ಇರಲಿ, ಬಿದಿರನ್ನು ಪುಡಿಮಾಡುವ ಕೊರೆಹುಳುವಿಗೆ ಬೇಕಾದುದು ಅದರೊಳಗಿನ ಪಿಷ್ಟವೆಂಬುದು ವಿಜ್ಞಾನವೂ ಒಪ್ಪಿದ ಸಂಗತಿ. ಕಡಿದ ಗಳವನ್ನು ನೀರಿನಲ್ಲಿ ಕೆಲವು ವಾರ ಮುಳುಗಿಸಿಡುವ ಪದ್ಧತಿಯ ಗುಟ್ಟು ಅದೇ. ಇಷ್ಟೆಲ್ಲ ಇರುವಾಗ ಐವತ್ತು ಬುಟ್ಟಿಯನ್ನು ನಾಲ್ಕು ದಿನಗಳಲ್ಲಿ ಕೇಳುವುದೆಂದರೆ, ಹಸಿ ಬಿದಿರಿನ, ಅವಸರದ, ತಿಂಗಳೊಳಗೆ ಸಡಿಲವಾಗುವ ಬುಟ್ಟಿಗಳನ್ನು ಕೇಳಿದಂತೆಯೇ ಸರಿ. ಮದುವೆಯ ದಿನ ಗೊತ್ತಾದ ಕೂಡಲೇ ಬುಟ್ಟಿಯ ಮಾತನ್ನೂ ಆಡಿ ಮುಗಿಸುವುದು ಜಾಣತನ.

ಮಾತು ಮುಗಿಸುವುದೆಂದರೆ ಮುಂಗಡ ಕೊಡುವುದು. ಹಳೆಯ ವ್ಯವಹಾರದ ಕನ್ನಡದಲ್ಲಿ ಮುಂಗಡ ಹಣಕ್ಕೆ ‘ಸಂಚಕಾರ’ ಎಂಬ ಹೆಸರಿತ್ತು. ಕೊಟ್ಟ ಮಾತು ಸತ್ಯವೆಂದು ಕೈಯಲ್ಲಿಟ್ಟ ಹಣ. ಇಂದು ಆ ಪದಕ್ಕೆ ಕೇಡು ಎಂಬ ಅರ್ಥವೇ ರೂಢಿಯಾಗಿಬಿಟ್ಟಿರುವುದು ವಿಚಿತ್ರ. ಮೇದಾರನ ಪಾಲಿಗಂತೂ ಸಂಚಕಾರ ಇಲ್ಲದಿದ್ದಾಗಲೇ ಕೇಡು. ಅವನಿಗೆ ದಾಸ್ತಾನು ಇಡುವ ಬಂಡವಾಳವಿಲ್ಲ; ಗಿರಾಕಿಯ ಮುಂಗಡದಿಂದಲೇ ಗಳ ಕೊಳ್ಳಬೇಕು. ಐವತ್ತು ಬುಟ್ಟಿ ಹೇಳಿ, ಮುಂಗಡ ಕೊಡದೆ, ಕೊನೆಗೆ ಮೂವತ್ತೇ ಸಾಕೆಂದು ಹೊರಟುಹೋದವರ ಉಳಿದ ಇಪ್ಪತ್ತು ಬುಟ್ಟಿಗಳು ಅವನ ಗುಡಿಸಲ ಮೂಲೆಯಲ್ಲಿ ಹುಳುವಿಗೆ ಆಹಾರವಾಗುತ್ತವೆ. ಬೇರೆಯವರ ಅಳತೆಗೆ ಹೆಣೆದ ಬುಟ್ಟಿಯನ್ನು ಸಂತೆಯಲ್ಲಿ ಕೊಳ್ಳುವವರಾರು?

ಇಲ್ಲಿ ವಾಚಕರು ಒಂದು ಪ್ರಶ್ನೆ ಕೇಳಬಹುದು. ಕಾಡು ಅಷ್ಟು ಹತ್ತಿರವಿರುವಾಗ ಬಿದಿರಿಗೇಕೆ ಬಂಡವಾಳ? ಹುಲ್ಲಿನ ಜಾತಿಗೆ ಸೇರಿದ, ಕಳಲೆಯಾಗಿ ಎದ್ದು ಕೆಲವೇ ತಿಂಗಳಲ್ಲಿ ತನ್ನ ಪೂರ್ಣ ಎತ್ತರ ಮುಟ್ಟುವ ಈ ಗಿಡ ದುಬಾರಿಯಾದುದು ಹೇಗೆ? ಇದಕ್ಕೆ ಉತ್ತರ ಬುಟ್ಟಿಯ ಓಣಿಯಲ್ಲಿ ಇಲ್ಲ; ಕಲಘಟಗಿಯ ಆಚೆಗೆ, ಕಾಳಿ ನದಿಯ ದಡದಲ್ಲಿ ಇದೆ.

1955ರಲ್ಲಿ ಸ್ಥಾಪನೆಗೊಂಡ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು 1959ರಲ್ಲಿ ಕಾಗದ ತಯಾರಿಕೆಯನ್ನು ಆರಂಭಿಸಿತು. ಆ ಕಾಲದಲ್ಲಿ ಕಾಗದದ ತಿರುಳಿಗೆ ಮುಖ್ಯವಾದ ಕಚ್ಚಾವಸ್ತು ಬಿದಿರು. ಹೊಸ ಉದ್ಯಮವನ್ನು ಬೆಳೆಸಬೇಕೆಂಬ ಉದ್ದೇಶದಿಂದ ಸರ್ಕಾರವು ಉತ್ತರ ಕನ್ನಡದ ಕಾಡಿನ ಬಿದಿರನ್ನು ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯಂತಹ ಅಲ್ಪ ದರದಲ್ಲಿ ಒದಗಿಸಿತೆಂದೂ, ಅದೇ ಬಿದಿರಿಗೆ ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆ ಇತ್ತೆಂದೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಪೇಟೆಯ ಬೆಲೆ ತೆರಬೇಕಾದವರಲ್ಲಿ ಬುಟ್ಟಿ ಹೆಣೆಯುವವರೂ ಇದ್ದರು. ಮಕ್ಕಳ ನೋಟುಪುಸ್ತಕಕ್ಕೆ ಬೇಕಾದ ಕಾಗದವೂ ಅಗತ್ಯದ ವಸ್ತುವೇ. ಆದರೆ ಒಂದೇ ಮೆಳೆಗೆ ಎರಡು ಬೆಲೆ ಬಿದ್ದಾಗ ಸೋಲುವವನು ಯಾರೆಂಬುದು ಗೊತ್ತೇ ಇದೆ.

ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಬಿದಿರು ಸಿಗುತ್ತಿಲ್ಲವೆಂಬ ಬುಟ್ಟಿಗಾರರ ದೂರು ಸರ್ಕಾರದ ಬಾಗಿಲಿಗೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಾಡ್ಗೀಳರು 1975ರ ಸುಮಾರಿಗೆ ಅಧ್ಯಯನಕ್ಕೆ ಹೊರಟರು. ಕಾಡಿನಲ್ಲಿರುವ ಬಿದಿರಿನ ಸರ್ಕಾರಿ ಅಂದಾಜು ವಾಸ್ತವಕ್ಕಿಂತ ಹೆಚ್ಚಾಗಿತ್ತೆಂಬುದು ಒಂದು ಸಂಗತಿ. ಅದಕ್ಕಿಂತ ಸ್ವಾರಸ್ಯವಾದುದು ಮುಳ್ಳಿನ ಸಂಗತಿ. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುರೆಂಬೆಗಳ ದಟ್ಟ ಹೆಣಿಗೆಯೊಂದು ಇರುತ್ತದೆ. ಅದನ್ನು ಕಿತ್ತು ಶುಚಿಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುವುದೆಂಬುದು ಅಂದಿನ ಅರಣ್ಯಶಾಸ್ತ್ರದ ತಿಳಿವಳಿಕೆ. ಕಡಿಯುವ ಕೂಲಿಗಳಿಗೂ ಅದು ಅನುಕೂಲ. ಹಳ್ಳಿಯವರು ಮಾತ್ರ ಬೇರೆಯೇ ಮಾತು ಹೇಳಿದರು: ಆ ಮುಳ್ಳೇ ಕಳಲೆಗೆ ಬೇಲಿ, ಬೇಲಿ ತೆಗೆದರೆ ದನಗಳೂ ಕಾಡಿನ ಪ್ರಾಣಿಗಳೂ ಎಳೆಯ ಕಳಲೆಯನ್ನು ಮೇದುಬಿಡುತ್ತವೆ, ಮೆಳೆ ಸಾಯುತ್ತದೆ. ವರ್ಷಗಟ್ಟಲೆ ಅಳೆದು ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ತಲೆಮಾರುಗಳಿಂದ ಮೆಳೆಯಿಂದ ಬೇಕಾದಷ್ಟನ್ನೇ ಕಡಿದುಕೊಂಡು ಬುಡದ ಮುಳ್ಳನ್ನು ಮುಟ್ಟದೆ ಬಿಡುತ್ತಿದ್ದವರ ನಡೆಯಲ್ಲಿ ಒಂದು ಶಾಸ್ತ್ರವೇ ಇತ್ತು. ಅದನ್ನು ಬರೆದಿಟ್ಟವರು ಮಾತ್ರ ಇರಲಿಲ್ಲ.

ಮುಂದೆ ಕಾಲ ತುಸು ತಿರುಗಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾಡಿನ ಉತ್ಪನ್ನವನ್ನು ಉದ್ಯಮಗಳಿಗೆ ರಿಯಾಯಿತಿ ದರದಲ್ಲಿ ಕೊಡುವ ಪದ್ಧತಿ ನಿಲ್ಲಬೇಕೆಂದು ಹೇಳಿತು. ಕಾಗದದ ಗಿರಣಿಗಳು ರೈತರ ಹೊಲದಲ್ಲಿ ಬೆಳೆದ ಸುಬಾಬುಲ್, ನೀಲಗಿರಿ, ಗಾಳಿ ಮರಗಳ ಕಡೆಗೆ ಹೊರಳಿದವು. ಆದರೆ ಹೋದ ಮೆಳೆ ಬೇಗ ಹಿಂದಿರುಗುವಂತಹುದಲ್ಲ. ಹೆಬ್ಬಿದಿರು ಬದುಕಿನಲ್ಲಿ ಒಮ್ಮೆ ಮಾತ್ರ, ಸುಮಾರು ನಾಲ್ವತ್ತು ವರ್ಷಗಳಿಗೊಮ್ಮೆ, ಇಡೀ ಕಾಡೇ ಕೂಡಿ ಹೂಬಿಟ್ಟು, ಬಿದಿರಕ್ಕಿಯನ್ನು ಸುರಿಸಿ, ಒಣಗಿ ಸಾಯುತ್ತದೆ. ಆ ಬೀಜ ಮೊಳೆತು ಬುಟ್ಟಿಗೆ ಒದಗುವ ಗಳವಾಗಲು ಮತ್ತೆ ಹಲವು ವರ್ಷ ಕಾಯಬೇಕು. ಒಬ್ಬ ಮೇದಾರನ ದುಡಿಯುವ ಆಯುಷ್ಯದಲ್ಲಿ ಇಂತಹ ಬರಗಾಲ ಒಮ್ಮೆಯಾದರೂ ಬಂದೇ ಬರುತ್ತದೆ.

ಕಾನೂನಿನ ಕಥೆಯೂ ಸ್ವಾರಸ್ಯಕರ. 1927ರ ಭಾರತೀಯ ಅರಣ್ಯ ಕಾಯ್ದೆಯು ಬಿದಿರನ್ನು ‘ಮರ’ದ ವ್ಯಾಖ್ಯೆಯೊಳಗೆ ಸೇರಿಸಿತ್ತು, ಸಸ್ಯಶಾಸ್ತ್ರವು ಹುಲ್ಲೆಂದುದನ್ನು ಕಾನೂನು ಮರವೆಂದಿತು. 2006ರ ಅರಣ್ಯ ಹಕ್ಕು ಕಾಯ್ದೆಯು ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಎಣಿಸಿತು. 2017ರ ತಿದ್ದುಪಡಿಯು 1927ರ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿದಿರನ್ನು ತೆಗೆದುಹಾಕಿತು. ಕಾಡಿನ ಹೊರಗೆ, ತನ್ನ ಹೊಲದ ಬದುವಿನಲ್ಲಿ ರೈತನು ಬೆಳೆದ ಬಿದಿರನ್ನು ಕಡಿದು ಸಾಗಿಸುವ ಹಾದಿ ಸುಗಮವಾಗಲೆಂಬುದು ಅದರ ಉದ್ದೇಶ. ಮೇದಾರರಿಗೆ ರಿಯಾಯಿತಿ ದರದಲ್ಲಿ ಬಿದಿರು ಕೊಡುವ ಏರ್ಪಾಡು ಕರ್ನಾಟಕದ ಅರಣ್ಯ ಇಲಾಖೆಯಲ್ಲಿ ಬಹುಕಾಲದಿಂದ ಇದೆ. ಕೊಡುವುದಕ್ಕೆ ಡಿಪೋದಲ್ಲಿ ಬಿದಿರು ಇರಬೇಕಾದುದು ಇನ್ನೊಂದು ಮಾತು. ಕಲಘಟಗಿಯ ಕಡೆಯ ಹೊಲಗಳ ಬದುವಿನಲ್ಲಿ ಮೆಳೆಗಳು ಏಳುವುದಾದರೆ, ಬುಟ್ಟಿಯ ಬೆಲೆಯ ಹೊರೆ ಅರ್ಧ ಇಳಿಯುವ ಆಸೆ ಇಟ್ಟುಕೊಳ್ಳಬಹುದು.

ಬುಟ್ಟಿಯ ಬೆಲೆ ಕೇಳಿ ಹುಬ್ಬೇರಿಸುವ ಮುನ್ನ ಈ ದೂರದ ದಾರಿಯನ್ನೊಮ್ಮೆ ನೆನೆಯುವುದು ಒಳಿತು. ಗಳದ ಬೆಲೆ, ಅದನ್ನು ತರುವ ಗಾಡಿಯ ಬಾಡಿಗೆ, ಸೀಳುವಾಗ ಕೆಟ್ಟುಹೋಗುವ ಭಾಗ, ಇಬ್ಬರ ದಿನಗೂಲಿ, ಇವನ್ನು ಕೂಡಿದ ಮೇಲೆ ಉಳಿಯುವುದು ಎಷ್ಟು? ಪ್ಲಾಸ್ಟಿಕ್ ಬುಟ್ಟಿಯ ಬೆಲೆಯನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡುವವರು ಯಂತ್ರದ ನಿಮಿಷವನ್ನು ಮನುಷ್ಯನ ದಿನದೊಡನೆ ತೂಗುತ್ತಾರೆ. ಚೌಕಾಸಿಯೇ ಕೂಡದೆಂದು ಯಾರೂ ಹೇಳರು. ಅದು ಸಂತೆಯ ಸಂಭಾಷಣೆ, ಅದಿಲ್ಲದೆ ಸಂತೆಗೆ ಸೊಗಸಿಲ್ಲ. ಆದರೆ ಹೇಳಿ ಮಾಡಿಸುವ ಕೆಲಸಕ್ಕೆ ಸಂತೆಯ ನಿಯಮ ಹೊಂದದು. ದರಜಿಯ ಬಳಿ ಅಳತೆ ಕೊಟ್ಟು ಹೊಲಿಸಿದ ಕುಪ್ಪಸಕ್ಕೆ ಸಿದ್ಧ ಉಡುಪಿನ ಅಂಗಡಿಯ ದರವನ್ನು ಯಾರೂ ಕೇಳುವುದಿಲ್ಲವಷ್ಟೆ? ಬೆಲೆಯನ್ನು ಹೇಳುವಾಗಲೇ ಗೊತ್ತುಮಾಡಿ, ಒಯ್ಯುವಾಗ ಮತ್ತೆ ಎಳೆದಾಡದಿರುವುದು ಇಬ್ಬರಿಗೂ ಮರ್ಯಾದೆ.

ಆ ಮರ್ಯಾದೆಗೆ ಪ್ರತಿಯಾಗಿ ಗಿರಾಕಿಗೆ ಒಳ್ಳೆಯ ಕೆಲಸವನ್ನು ಕೇಳುವ ಹಕ್ಕೂ ಇದೆ. ಬುಟ್ಟಿ ಕೈಗೆ ಬಂದಾಗ ಸಮನೆಲದ ಮೇಲೆ ಇಟ್ಟು ನೋಡಬೇಕು, ಅಲುಗಾಡಕೂಡದು. ಅಂಚನ್ನು ಎರಡು ಕೈಗಳಿಂದ ಒತ್ತಬೇಕು. ಬಾಗಿ ಮತ್ತೆ ತನ್ನ ದುಂಡಿಗೆ ಬರಬೇಕು. ಒಳಮೈಯಲ್ಲಿ ಬೆರಳಾಡಿಸಿದರೆ ಸಿಬಿರು ಚುಚ್ಚಕೂಡದು. ತಳದಲ್ಲಿ ಸಿಪ್ಪೆಯ ಎಳೆ ಇದೆಯೋ ಬರಿಯ ತಿರುಳೋ ಎಂಬುದನ್ನು ಹೊಳಪಿನಿಂದಲೇ ಅರಿಯಬಹುದು. ಐವತ್ತು ಬುಟ್ಟಿಗಳು ಅಚ್ಚಿನಲ್ಲಿ ತೆಗೆದಂತೆ ಒಂದೇ ಆಗಿರಬೇಕೆಂದು ಹಟ ಹಿಡಿಯುವುದು ಮಾತ್ರ ಸಲ್ಲದು. ಗಂಟು ಎಲ್ಲಿ ಬಂದಿತೋ ಅಲ್ಲಿ ಎಳೆ ತುಸು ಸರಿಯುತ್ತದೆ; ಅದು ಕೈಯ ಗುರುತು.

ತಂದ ಬುಟ್ಟಿಯನ್ನು ಬಾಳಿಸುವುದು ಗೃಹಿಣಿಯ ಪಾಲಿನ ಕಸಬು. ಹಿಂದಿನ ಅಡುಗೆಮನೆಯಲ್ಲಿ ಒಲೆಯ ಹೊಗೆಯೇ ಬುಟ್ಟಿಗೆ ಔಷಧ; ಹೊಗೆ ಹಿಡಿದ ಬಿದಿರಿನ ಹತ್ತಿರ ಹುಳು ಸುಳಿಯದು. ಅನಿಲದ ಒಲೆಯ ಮನೆಯಲ್ಲಿ ಆ ರಕ್ಷೆಯಿಲ್ಲ. ಆದುದರಿಂದ ಆಗಾಗ ಬಿಸಿಲು ತೋರಿಸಬೇಕು, ಒದ್ದೆಯ ನೆಲದ ಮೇಲೆ ಇಡಕೂಡದು, ತೊಳೆದರೆ ಬೋರಲಾಗಿ ಗಾಳಿಗೆ ಒಣಗಿಸಬೇಕು. ಹಿಟ್ಟು, ಸಣ್ಣ ಕಾಳು ತುಂಬುವ ಬುಟ್ಟಿಗೆ ಅಜ್ಜಿಯರು ಒಂದು ಉಪಾಯ ಮಾಡುತ್ತಿದ್ದರು. ಹಳೆಯ ಕಾಗದವನ್ನು ನೆನೆಯಿಟ್ಟು ಅರೆದು, ಮೆಂತ್ಯದ ಹಿಟ್ಟಿನೊಡನೆ ಕಲಸಿ, ಬುಟ್ಟಿಯ ಮೈಗೆ ಬಳಿದು ಒಣಗಿಸಿದರೆ ಸಂದುಗಳೆಲ್ಲ ಮುಚ್ಚಿ ಬುಟ್ಟಿ ವರ್ಷಗಟ್ಟಲೆ ಬಾಳುತ್ತಿತ್ತು. ಕಾಡಿನಿಂದ ಕಾಗದವಾಗಲು ಹೋದ ಬಿದಿರಿನಲ್ಲಿ ಒಂದಿಷ್ಟಾದರೂ ಹೀಗೆ ಮತ್ತೆ ತನ್ನ ಒಡಹುಟ್ಟಿದ ಬಿದಿರಿನ ಮೈಗೇ ಬಂದು ಅಂಟಿಕೊಂಡಿರಬಹುದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಸಮಕಾಲೀನನಾಗಿ, ಮೇದಾರ ಕೇತಯ್ಯನೆಂಬ ಶರಣನಿದ್ದ. ಬಿದಿರು ಕಡಿದು ತಂದು, ಬುಟ್ಟಿ ಮೊರಗಳನ್ನು ಹೆಣೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸುತ್ತಿದ್ದ ಆತ ‘ಗವರೇಶ್ವರ’ ಎಂಬ ಅಂಕಿತದಲ್ಲಿ ವಚನಗಳನ್ನೂ ರಚಿಸಿದ. ಆತನನ್ನು ಪರೀಕ್ಷಿಸಲು ಶಿವನು ಬಿದಿರಿನ ಗಳಗಳಲ್ಲಿ ಹೊನ್ನನ್ನು ತುಂಬಿಸಿಟ್ಟನೆಂದೂ, ಸೀಳಿದ ಬಿದಿರಿನಿಂದ ಹೊನ್ನು ಉದುರಿದಾಗ ಕೇತಯ್ಯನು ಅದನ್ನು ಹುಳು ಬಿದ್ದ ಬಿದಿರೆಂದು ಬಗೆದು ಬಿಟ್ಟುಹೋದನೆಂದೂ ಪರಂಪರೆಯ ಕಥೆ ಹೇಳುತ್ತದೆ. ಕಾಯಕದಿಂದ ಬಾರದ ಹೊನ್ನು ಆತನ ಕಣ್ಣಿಗೆ ಹುಳುವಾಯಿತು. ಬುಟ್ಟಿಗೆ ಬಾರದ ಬಿದಿರು ಬಿದಿರಲ್ಲ ಎಂಬ ಕಸಬುಗಾರನ ಕಣ್ಣೂ ಅದರಲ್ಲಿದೆ.

ಇಂದಿನ ಮೇದಾರನಿಗೆ ಬಿದಿರಿನೊಳಗಿನ ಹೊನ್ನು ಬೇಕಿಲ್ಲ. ಹುಳುವಿಲ್ಲದ ಬಿದಿರು ಬೇಕು, ಹೇಳಿ ಮಾಡಿಸುವ ಗಿರಾಕಿ ಬೇಕು. ಅವನ ಮಗ ಹುಬ್ಬಳ್ಳಿಯ ಯಾವುದೋ ಗೋದಾಮಿನಲ್ಲಿ ಸಂಬಳದ ಕೆಲಸ ಹಿಡಿದರೆ ಅವನನ್ನು ತಪ್ಪೆನ್ನುವವರಾರು? ಬಿದಿರನ್ನು ಬೆರಳಿನಿಂದ ಮಿಡಿದು, ಸದ್ದಿನಲ್ಲೇ ಅದರ ವಯಸ್ಸು ಹೇಳುವ ವಿದ್ಯೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ತಂದೆಯ ಎದುರು ಕುಳಿತು, ಬೆರಳು ಕೊಯ್ದುಕೊಂಡು ಕಲಿಯಬೇಕು. ಕಲಿತುದಕ್ಕೆ ಕೂಳು ಸಿಗುವುದೆಂಬ ನಂಬಿಕೆ ಇದ್ದರೆ ಆ ಹುಡುಗ ಕುಳಿತಾನು. ಆ ನಂಬಿಕೆಯನ್ನು ಒಂದು ಸಂಸಾರ ಒಂದು ದಿನದಲ್ಲಿ ಕೊಡಲಾರದು. ಆದರೆ ಸವೆದ ಬುಟ್ಟಿಯನ್ನು ಎಸೆಯದೆ ಅಂಚು ಕಟ್ಟಿಸಿಕೊಳ್ಳಲು ಮತ್ತೆ ಅದೇ ಬಾಗಿಲಿಗೆ ಹೋಗುವುದು ಯಾವ ಮನೆಗೂ ಭಾರವಲ್ಲ. ಹೋದಾಗ ಅಲ್ಲಿ ಹೆಣೆಯುತ್ತಿರುವವರು ಇಬ್ಬರೋ ಮೂವರೋ ಎಂದು ನೋಡಿ ಬಂದರೆ ಸಾಕು. ಕಸಬು ಉಳಿಯುವುದೋ ಅಳಿಯುವುದೋ ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಲೆಕ್ಕ ಬೇರೊಂದಿಲ್ಲ.